ಪಿನ್ ಒತ್ತುವುದಿಲ್ಲ

ಮೊದಲ ಸಲ ನಾನು ಫೇಲಾಗಲು ಎರಡು ಸೆಕೆಂಡು ಸಾಕಾಯಿತು.

ಕಾರಿನ ಎ.ಸಿ. ಪೈಪಿನ ಮೇಲೆ ಸೈಕಲ್ ಟ್ಯೂಬಿಗಿರುವಂಥದೇ ಒಂದು ಪುಟ್ಟ ವಾಲ್ವ್ ಇರುತ್ತದೆ. ಮುಚ್ಚಳ ತಿರುವಿ ತೆಗೆದರೆ ಒಳಗೆ ಒಂದು ಪಿನ್. ಅದನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರೆ ಗ್ಯಾಸು ಪುಸ್ ಎಂದು ಹೊರಗೆ ಬರುತ್ತದೆ. ಸದ್ದು ಬಿರುಸಾಗಿದ್ದರೆ ಗ್ಯಾಸ್ ಇದೆ, ಮೆತ್ತಗಿದ್ದರೆ ಕಡಿಮೆಯಾಗಿದೆ, ಸದ್ದೇ ಇಲ್ಲವೆಂದರೆ ಎಲ್ಲೋ ಸೋರಿ ಖಾಲಿಯಾಗಿದೆ. ತುಮಕೂರು ರಸ್ತೆಯ ಉದ್ದಕ್ಕೂ ಇರುವ ಗ್ಯಾರೇಜುಗಳಲ್ಲಿ ಯಾವ ಗಾಡಿ ಬಂದರೂ ಮೊದಲು ಮಾಡುವ ಕೆಲಸ ಇದೇ. ಹನ್ನೊಂದು ವರ್ಷ ನಾನೂ ಅದನ್ನೇ ನೋಡುತ್ತ, ಆಮೇಲೆ ಮಾಡುತ್ತ ಬಂದಿದ್ದೆ. ನನ್ನ ಕಿವಿಯ ಮೇಲೆ ನನಗೆ ಜಂಬವಿತ್ತು. ಸದ್ದು ಕೇಳಿ ಅರ್ಧ ಇದೆಯೋ ಮುಕ್ಕಾಲು ಇದೆಯೋ ಹೇಳುತ್ತಿದ್ದೆ.

ಪೀಣ್ಯ ಎರಡನೇ ಹಂತದ ಒಂದು ತರಬೇತಿ ಕೇಂದ್ರದಲ್ಲಿ ಪರೀಕ್ಷೆ. ವಾಹನಗಳ ಎ.ಸಿ. ರಿಪೇರಿ ಮಾಡಲು ಅರ್ಹರು ಎಂದು ಪ್ರಮಾಣಪತ್ರ ಕೊಡುವ ಪರೀಕ್ಷೆ. ಹದಿನೆಂಟು ಜನ ಬಂದಿದ್ದೆವು, ಅದರಲ್ಲಿ ಹದಿನೇಳು ಗಂಡಸರು. ಪರೀಕ್ಷಕರು "ಶುರು ಮಾಡಿ" ಎಂದರು. ನಾನು ಮುಚ್ಚಳ ತೆಗೆದೆ, ಪಿನ್ ಒತ್ತಿದೆ. ಪುಸ್.

"ಸ್ಟಾಪ್," ಎಂದರು ಅವರು. "ಗ್ಯಾಸ್ ಗಾಳಿಗೆ ಬಿಡೋ ಹಾಗಿಲ್ಲ ಅಂತ ನಾಲ್ಕು ದಿನ ಪಾಠ ಮಾಡಿದ್ದೇನಕ್ಕೆ? ಮಷೀನಿಂದ ಎಳೆದು ಸಿಲಿಂಡರಿಗೆ ತುಂಬ್ಸಬೇಕು. ನೆಕ್ಸ್ಟ್ ಯಾರು?"

ಗೊತ್ತಿತ್ತು ನನಗೆ. ನಾಲ್ಕೂ ದಿನ ಮುಂದಿನ ಬೆಂಚಿನಲ್ಲಿ ಕೂತು ಬರೆದುಕೊಂಡಿದ್ದೆ. ತಲೆಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ ಅಷ್ಟೇ.

ನನ್ನ ಹಿಂದೆ ಸಾಲಿನಲ್ಲಿದ್ದವನು ಬಸು. ನಮ್ಮ ಗ್ಯಾರೇಜಿನವನೇ, ಲಿಂಗಸುಗೂರಿನ ಹುಡುಗ. ಹುಡುಗ ಎಂದರೂ ಮೂವತ್ತರ ಮೇಲಾಗಿದೆ. ಅವನು ಪಾಸಾದ. ವಾಪಸು ಬರುವಾಗ ಬಸ್ಸಿನಲ್ಲಿ ಶೇಂಗಾ ಚಿಕ್ಕಿ ಕೊಡಿಸಿ, "ಅಕ್ಕಾ, ನಿನ್ನ ನೋಡೇ ಪಾಸಾದ್ನೆವಾ. ನೀ ಮುಂದ ಇರಲಿಲ್ಲಂದ್ರ ನಾನೂ ಪುಸ್ ಅನಸ್ತಿದ್ದೆ," ಅಂದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ನಿಜವನ್ನೇ ಹೇಳಿದ್ದ.

ಮನೆಯಲ್ಲಿ ನನ್ನ ಗಂಡ ಭೀಮಪ್ಪ, ಮಾದನಾಯಕನಹಳ್ಳಿಯ ಗೋದಾಮಿನಲ್ಲಿ ಲೋಡಿಂಗ್ ಕೆಲಸ ಅವರದು, ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ, "ಫೇಲಾದ್ರ ಆತೇಳು. ಭೂಮಿ ಏನ್ ಬಾಯಿ ಬಿಟ್ಟಿತೇನು?" ಅಂದರು.

ಬಾಯಿ ಬಿಡಲಿಲ್ಲ. ಆದರೆ ಕಾಲ ಕೆಳಗಿನ ಮಣ್ಣು ಸ್ವಲ್ಪ ಸ್ವಲ್ಪವೇ ಸರಿಯತೊಡಗಿತು.

ನಮ್ಮ ಗ್ಯಾರೇಜಿನ ಮಾಲೀಕರು ಆವಲಪ್ಪ. ಹೊಸಕೋಟೆ ಕಡೆಯವರು, ಮಾತು ಒರಟು, ಮನಸ್ಸು ಅಷ್ಟೇನೂ ಒರಟಲ್ಲ. ನಾನು ಅಲ್ಲಿಗೆ ಹೋದದ್ದು ಕಸ ಗುಡಿಸಲು. ಒಂದು ದಿನ ಡ್ಯಾಶ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲ್ ತೆಗೆಯಲು ಯಾರ ಕೈಯೂ ಹೋಗದೆ, ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು ಎಂದು ಅವರೆಲ್ಲ ತಲೆ ಕೆರೆದುಕೊಳ್ಳುತ್ತಿದ್ದಾಗ ನನ್ನ ಕೈ ಹೋಯಿತು. ಅಲ್ಲಿಂದ ಶುರು. ಮೊದಲು ಕಾಯಿಲ್ ತೊಳೆಯುವುದು, ಆಮೇಲೆ ಬಿಚ್ಚುವುದು, ಆಮೇಲೆ ಸೋರಿಕೆ ಹುಡುಕುವುದು. ನಾಲ್ಕು ವರ್ಷದಿಂದ ಎಲ್ಲವೂ. ಆದರೂ ರಿಜಿಸ್ಟರಿನಲ್ಲಿ ನಾನು ಹೆಲ್ಪರ್.

ಈಗ ಪೀಣ್ಯದ ಒಂದು ಕಾರ್ಖಾನೆಯ ಬಸ್ಸುಗಳ ಎ.ಸಿ. ಕೆಲಸ ನಮಗೆ ಸಿಕ್ಕಿತ್ತು. ಅವರ ಷರತ್ತು ಒಂದೇ: ಪ್ರಮಾಣಪತ್ರ ಇರುವವರೇ ಕೆಲಸ ಮಾಡಬೇಕು, ಪ್ರತಿ ಜಾಬ್ ಕಾರ್ಡಿನ ಮೇಲೂ ಅವರ ಹೆಸರು, ಸಹಿ ಇರಬೇಕು. ಅದಕ್ಕೇ ಆವಲಪ್ಪ ನಮ್ಮಿಬ್ಬರನ್ನೂ ಪರೀಕ್ಷೆಗೆ ಕಳಿಸಿದ್ದು. ಬಸು ಪಾಸಾದ ಮೇಲೆ ಏರ್ಪಾಡು ಸಲೀಸಾಯಿತು. ನಾನು ಕೆಲಸ ಮಾಡುವುದು, ಕಾರ್ಡಿನ ಮೇಲೆ ಬಸುವಿನ ಹೆಸರು.

ಏಪ್ರಿಲಿನಲ್ಲಿ ಒಂದು ಬಸ್ಸು ಬಂತು. ಬಸ್ಸಿನ ನೆತ್ತಿಯ ಮೇಲಿನ ಎ.ಸಿ. ಯೂನಿಟ್ಟಿನ ಒಂದು ಜಾಯಿಂಟಿನ ಸುತ್ತ ಎಣ್ಣೆಯ ಕಲೆ, ಅದರ ಮೇಲೆ ಧೂಳು ಅಂಟಿ ಕಪ್ಪಾಗಿತ್ತು. ಅಂದರೆ ಅಲ್ಲಿ ಗ್ಯಾಸ್ ಸೋರುತ್ತಿದೆ. "ಇಲ್ಲಿ ಲೀಕ್ ಐತ್ರಿ ಸಾರ್, ಬಿಚ್ಚಿ ಮಾಡಬೇಕು," ಅಂದೆ.

"ಟೈಮಿಲ್ಲ ಕಣಮ್ಮ. ಗ್ಯಾಸ್ ಆಕಿ ಕಳ್ಸು. ಮುಂದಿನ ತಿಂಗಳು ಬತ್ತಾನಲ್ಲ, ಆವಾಗ ನೋಡನ," ಅಂದರು ಆವಲಪ್ಪ.

ಹಾಕಿ ಕಳಿಸಿದೆ. ಎಂಟೇ ದಿನಕ್ಕೆ ಬಸ್ಸು ವಾಪಸು ಬಂತು, ಹಿಂದೆಯೇ ಕಾರ್ಖಾನೆಯ ಟ್ರಾನ್ಸ್‌ಪೋರ್ಟ್ ಮ್ಯಾನೇಜರ್ ಬೈಕಿನಲ್ಲಿ ಬಂದರು. ಬಸ್ಸಿನಲ್ಲಿ ನಲವತ್ತು ಜನ ಬೆಂದು ಹೋಗಿದ್ದಾರೆ ಎಂದು ಕೂಗಾಡಿದರು. ಆಗ ಆವಲಪ್ಪ ನನ್ನ ಕಡೆ ಕೈ ತೋರಿಸಿ, "ಈವಮ್ಮ ಮಾಡಿದ್ದು ಸಾರ್. ಸರ್ಟಿಫಿಕೇಟ್ ಇಲ್ಲ ಇವ್ರಿಗೆ. ಇನ್ಮೇಲೆ ಬಸೂನೇ ಮಾಡ್ತಾನೆ, ನನ್ನ ಜವಾಬ್ದಾರಿ," ಅಂದರು.

ಕಾರ್ಡಿನ ಮೇಲಿದ್ದದ್ದು ಬಸುವಿನ ಹೆಸರು. ಬೈಗುಳ ಮಾತ್ರ ಹುಡುಕಿಕೊಂಡು ನನ್ನ ಹತ್ತಿರ ಬಂತು.

ಮ್ಯಾನೇಜರ್ ಹೋದ ಮೇಲೆ ನಾನು ಕೈ ಒರೆಸಿಕೊಂಡು ಆಫೀಸಿನ ಬಾಗಿಲಿಗೆ ಹೋದೆ. "ಸಾರ್, ನಾನು ಇನ್ನೊಂದು ಸಲ ಪರೀಕ್ಷೆ ಬರೀತೀನಿ."

"ಬಸುದು ಐತಲ್ಲಮ್ಮ. ಒಂದು ಗ್ಯಾರೇಜಿಗೆ ಎಷ್ಟು ಸರ್ಟಿಫಿಕೇಟ್ ಬೇಕು? ಗೋಡೆಗೆ ಜಾಗ ಇಲ್ಲ."

"ಫೀಸು ನಾನೇ ಕಟ್ಟತೀನಿ. ರಜಾ ಕೊಡಿ ಸಾಕು."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಓಗು. ಆದ್ರೆ ಒಂದು ಮಾತು ಹೇಳ್ತೀನಿ ಕೇಳು. ಈ ಸಲಾನೂ ಇಂಗೇ ಪುಸ್ ಅನ್ಸಿ ಬಂದ್ರೆ, ಆಮೇಲೆ ಗೇಜ್ ಮುಟ್ಟಂಗಿಲ್ಲ. ಆ ಮ್ಯಾನೇಜರ್ ಕಣ್ಣಿಗೆ ನೀನು ಬಿದ್ದಾಗಿದೆ. ವಾಟರ್ ವಾಶ್‌ಗೆ ಆಕ್ತೀನಿ."

"ಆಯ್ತು ಸಾರ್," ಅಂದೆ. ಹನ್ನೊಂದು ವರ್ಷ ಕಲಿತದ್ದನ್ನು ಒಂದು ದಿನದಲ್ಲಿ ಪೈಪಿನ ನೀರಿಗೆ ಬಿಡುವ ಮಾತು ಅದು. ಆದರೂ ಆಯ್ತು ಎಂದೆ.

ಕೈಗೆ ಬುದ್ಧಿ ಕಲಿಸುವುದು ತಲೆಗೆ ಕಲಿಸಿದಷ್ಟು ಸುಲಭವಲ್ಲ. ನನಗೆ ಒಂದು ಅಭ್ಯಾಸವಿತ್ತು, ಕುಕ್ಕರ್ ಇಳಿಸಿದ ಕೂಡಲೇ ಸೌಟಿನಿಂದ ಸೀಟಿ ಎತ್ತಿ ಉಗಿ ಬಿಡುವುದು. ಬೆಳಿಗ್ಗೆ ಐದೂವರೆಗೆ ಎದ್ದವಳಿಗೆ ಕಾಯುವಷ್ಟು ಪುರುಸೊತ್ತು ಎಲ್ಲಿ? ಅದನ್ನು ನಿಲ್ಲಿಸಿದೆ. ಉಗಿ ತಾನಾಗಿ ಇಳಿಯುವವರೆಗೆ ಕೈ ಕಟ್ಟಿ ನಿಲ್ಲುತ್ತಿದ್ದೆ. ನನ್ನ ಮಗಳು ಶೀತಲ್, ಒಂಬತ್ತನೇ ಕ್ಲಾಸು, ತಟ್ಟೆ ಮುಂದಿಟ್ಟುಕೊಂಡು ಕೂತಿರುತ್ತಿದ್ದಳು.

"ಅವ್ವಾ, ಅದು ಅನ್ನ. ಎ.ಸಿ. ಗ್ಯಾಸಲ್ಲ. ಬಿಡು ಹೊರಗ, ನನ್ನ ಬಸ್ ಹೋಗತೈತಿ."

"ನಿಂದು ಬಸ್ ಹೋದ್ರ ಇನ್ನೊಂದು ಬರತೈತಿ. ಕೂಡ್ರು."

ಗೋಡೆಯ ಮೇಲೆ ಅವಳ ಕೈಯಲ್ಲೇ ಒಂದು ಪಟ್ಟಿ ಬರೆಸಿ ಅಂಟಿಸಿದ್ದೆ. ನಿಂತ ಗಾಡಿಯೊಳಗೆ ಗ್ಯಾಸು ಸರಿಯಾದದ್ದೇ ಆಗಿದ್ದರೆ, ಇಷ್ಟು ಡಿಗ್ರಿ ಬಿಸಿಗೆ ಒತ್ತಡ ಅಳೆಯುವ ಗೇಜಿನ ಮುಳ್ಳು ಇಷ್ಟೇ ತೋರಿಸಬೇಕು ಎಂಬ ಲೆಕ್ಕ. ನಾನು ರೊಟ್ಟಿ ಬಡಿಯುತ್ತಿದ್ದರೆ ಅವಳು ಜಡೆ ಹಾಕಿಕೊಳ್ಳುತ್ತ ಕೇಳುತ್ತಿದ್ದಳು.

"ಇಪ್ಪತ್ತು?"

"ಅರವತ್ತೆಂಟು."

"ಇಪ್ಪತ್ತಾರು?"

"ಎಂಬತ್ತೈದು."

"ಮೂವತ್ತು? ಜಲ್ದಿ, ಜಲ್ದಿ."

"ತೊಂಬತ್ತೇಳು. ರೊಟ್ಟಿ ಸೀಯಾಕತ್ತೈತಿ, ಹೊರಳಿಸು."

"ನಂಗ ಮಗ್ಗಿ ತಪ್ಪಿದಾಗ ನೀ ಹಿಂಡಿದ್ದಿ ನೋಡು ಕಿವಿ, ಅದು ಬಡ್ಡಿ ಸಮೇತ ಬಾಕಿ ಐತಿ," ಎನ್ನುತ್ತಿದ್ದಳು. ತಪ್ಪಲಿಲ್ಲ ನಾನು. ಅವಳ ಕೈಗೆ ಕಿವಿ ಕೊಡಲಿಲ್ಲ.

ಎರಡನೇ ಪರೀಕ್ಷೆಯ ದಿನ ಪರೀಕ್ಷಕರು ಬೇರೆಯವರು. ಅಮರೇಶ್ ಎಂದು ಹೆಸರು, ಇಸ್ತ್ರಿ ಮಾಡಿದ ಅಂಗಿ, ಹಣೆಯ ಮೇಲೆ ಬೆವರಿಗೆ ಅರ್ಧ ಅಳಿಸಿದ ವಿಭೂತಿ. "ಸಿಂಗಸಂದ್ರದಿಂದ ಪೀಣ್ಯಕ್ಕ ಬರೋದ್ರಾಗ ಎರಡು ತಾಸು ಹೋತು," ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಲೇ ಒಳಗೆ ಬಂದರು. ನನ್ನ ಹೆಸರು ಕೂಗಿ, ನಾನು "ಬಂದೇನ್ರಿ" ಎಂದದ್ದು ಕೇಳಿ ತಲೆ ಎತ್ತಿದರು.

"ಯಾವ ಕಡಿಯವರ್ರಿ ನೀವು?"

"ಸಿಂದಗಿ ಹತ್ರ ರೀ."

"ಹೌದಾ? ನಾವು ಸಿಂಧನೂರು. ನಮ್ಮ ಕಡಿಯವರು ಸಿಕ್ರಿ, ಛಲೋ ಆತು. ಹಂಗಿದ್ರ ಮೊದಲ ನೀವೇ ಬರ್ರಿ. ಲೇಡೀಸ್ ಫಸ್ಟ್."

ಹಿಂದಿನಿಂದ ಒಬ್ಬ, "ಹೋದ್ಸಲ ಪುಸ್ ಅನ್ಸಿದ್ ಅಕ್ಕ ಅಲ್ವೇನೋ ಇದು?" ಎಂದ. ಇನ್ನೊಬ್ಬ, "ಮಗಾ, ಮೂಗು ಮುಚ್ಕೋ," ಎಂದ. ಎಲ್ಲರೂ ನಕ್ಕರು. ನಾನು ತಿರುಗಿ ನೋಡಲಿಲ್ಲ.

ಪರೀಕ್ಷೆಯ ಕಾರು ನಂಬರ್ ಪ್ಲೇಟಿಲ್ಲದ ಹಳೇ ಬಿಳಿ ಗಾಡಿ. ಶೆಡ್ಡಿನ ಒಳಗೆ ನೆರಳಿನಲ್ಲಿ ರಾತ್ರಿಯಿಂದ ನಿಂತಿತ್ತು. ಪಕ್ಕದಲ್ಲಿ ಗ್ಯಾಸನ್ನು ಎಳೆದುಕೊಳ್ಳುವ ರಿಕವರಿ ಮಷೀನು, ಅದಕ್ಕೆ ಜೋಡಿಸಿದ ಸಿಲಿಂಡರು. ಕೆಲಸ ಇಷ್ಟು: ಗೇಜ್ ಹಾಕಬೇಕು, ಗ್ಯಾಸನ್ನು ಮಷೀನಿಗೆ ಎಳೆಯಬೇಕು, ಖಾಲಿಯಾದ ಪೈಪುಗಳನ್ನು ಪಂಪಿನಿಂದ ಒಣಗಿಸಬೇಕು, ಮತ್ತೆ ತೂಕ ಮಾಡಿ ತುಂಬಬೇಕು. ಆಮೇಲೆ ಅದೇ ಗಾಡಿ ಮುಂದಿನವನಿಗೆ.

ಮುಚ್ಚಳ ತೆಗೆದೆ. ಪಿನ್ ಕಂಡಿತು. ಕೈ ತಾನಾಗಿ ಸ್ಕ್ರೂಡ್ರೈವರ್ ಕಡೆ ಹೋಗಲಿಲ್ಲ, ಗೇಜಿನ ಕಡೆ ಹೋಯಿತು. ಒಳಗೊಳಗೇ ಖುಷಿಯಾಯಿತು. ಪೈಪುಗಳನ್ನು ಸಿಕ್ಕಿಸಿದೆ, ಥರ್ಮಾಮೀಟರಿನ ತುದಿಯನ್ನು ಗಾಡಿಯ ಪೈಪಿಗೆ ಒತ್ತಿ ಹಿಡಿದೆ. ಇಪ್ಪತ್ತಾರು ಡಿಗ್ರಿ.

ಎಂಬತ್ತೈದು ಇರಬೇಕು. ಮುಳ್ಳು ನೂರಹನ್ನೆರಡರ ಮೇಲೆ ನಿಂತಿತ್ತು.

ಗೇಜನ್ನು ಬೆರಳಿನಿಂದ ತಟ್ಟಿದೆ. ನೂರಹನ್ನೆರಡೇ. ಇನ್ನೊಂದು ಕಡೆಯದನ್ನೂ ನೋಡಿದೆ, ಅಷ್ಟೇ. ಪೈಪಿನ ಬೇರೆ ಜಾಗದಲ್ಲಿ ಥರ್ಮಾಮೀಟರ್ ಹಿಡಿದೆ. ಇಪ್ಪತ್ತಾರೇ.

"ಮುಂದ?" ಎಂದರು ಅಮರೇಶ್, ಹಾಳೆಯ ಮೇಲೆ ಪೆನ್ನು ಇಟ್ಟುಕೊಂಡು.

ನಾನು ಗೇಜಿನ ಎರಡೂ ವಾಲ್ವ್ ಬಿಗಿ ಮಾಡಿದೆ. "ಇಲ್ಲಿಗೆ ನಿಲ್ಲಸ್ತೀನ್ರಿ."

"ಯಾಕ?"

"ಇದರಾಗ ಇರೋದು ಬರೇ ನಮ್ಮ ಗ್ಯಾಸಲ್ಲ. ಮುಳ್ಳು ಹೆಚ್ಚು ತೋರಸಾಕತ್ತೈತಿ."

"ಬಿಸಿಲಿಗೆ ನಿಂತಿರಬೇಕು."

"ನೆರಳಾಗ ಐತ್ರಿ. ಪೈಪು ಇಪ್ಪತ್ತಾರ ಐತಿ. ನೀವೂ ಹಿಡಿದು ನೋಡ್ರಿ."

ಅವರು ಥರ್ಮಾಮೀಟರ್ ಮುಟ್ಟಲಿಲ್ಲ. "ಒಳಗ ಗಾಳಿ ಸೇರಿರತೈತಿ. ಗಾಳಿ ಸೇರಿದ್ರೂ ಹೆಚ್ಚು ತೋರಿಸ್ತದ."

"ಗಾಳಿನೂ ಇರಬಹುದ್ರಿ. ಅಡಿಗಿ ಗ್ಯಾಸೂ ಇರಬಹುದು. ಯಾವುದಂತ ಗೊತ್ತಾಗೋ ತನಕ ಮಷೀನಿಗೆ ಹಚ್ಚಂಗಿಲ್ಲ ನಾ."

ಅಡಿಗೆ ಗ್ಯಾಸು ಎಂದದ್ದಕ್ಕೆ ಹೆಚ್ಚಿನವರು ಮತ್ತೆ ನಕ್ಕರು. ಆದರೆ ನಗದೇ ಇದ್ದವರು ಇಬ್ಬರು ಮೂವರು ಇದ್ದರು, ಅವರು ಗ್ಯಾರೇಜಿನವರೇ ಇರಬೇಕು. ಕಡಿಮೆ ದರಕ್ಕೆ ಸಿಗುವ ಸಿಲಿಂಡರುಗಳಲ್ಲಿ ಅಡಿಗೆ ಗ್ಯಾಸು ಬೆರೆಸಿ ಮಾರುವವರಿದ್ದಾರೆ ಎಂದು ಗೊತ್ತಿದ್ದವರು. ಗಾಡಿಗೆ ಹಾಕಿದರೆ ತಣ್ಣಗೇನೋ ಆಗುತ್ತದೆ, ಗಿರಾಕಿಗೆ ಗೊತ್ತಾಗುವುದಿಲ್ಲ. ಮಷೀನಿಗೆ ಎಳೆದರೆ ಮಾತ್ರ ಸಿಲಿಂಡರಿನಲ್ಲಿರುವ ಒಳ್ಳೆಯ ಗ್ಯಾಸೂ ಕೆಡುತ್ತದೆ, ಅದರಿಂದ ಮುಂದೆ ತುಂಬಿಸಿಕೊಂಡ ಗಾಡಿಗಳೂ ಕೆಡುತ್ತವೆ. ಮಷೀನಿನೊಳಗೆ ಎಲ್ಲಾದರೂ ಒಂದು ಕಿಡಿ ಹಾರಿದರೆ ಶೆಡ್ಡಿನಲ್ಲಿ ಹತ್ತೊಂಬತ್ತು ಜನ ಇದ್ದೇವೆ.

ಅಮರೇಶ್ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. "ನೋಡ್ರಿ ಅಕ್ಕಾರ, ಇದು ಸ್ಟೆಪ್ ಐದು. ಮಾಡಲಿಲ್ಲಂದ್ರ ಸೊನ್ನೆ. ಇದು ಸೊನ್ನೆ ಆತಂದ್ರ ಉಳಿದದ್ದು ಯಾವುದೂ ಎಣಿಸಂಗಿಲ್ಲ."

"ಗೊತ್ತೈತ್ರಿ."

"ಗೊತ್ತಿದ್ದೂ ಮಾಡಂಗಿಲ್ಲ ಅಂತೀರಿ?"

"ಗೊತ್ತಿದ್ದೇ ಅಂತೀನ್ರಿ."

ಆಗ ಈರಪ್ಪ ಸರ್ ಬಂದರು. ಕೇಂದ್ರದ ಉಸ್ತುವಾರಿ ಅವರದು, ಗಾಡಿ ಸಿದ್ಧ ಮಾಡಿಡುವುದು, ಸಾಮಾನು ತರಿಸುವುದು ಎಲ್ಲ ಅವರೇ. "ಏನಮ್ಮಾ ಗಲಾಟೆ? ನಿನ್ನೆ ಸಾಯಂಕಾಲ ನಾನೇ ನಿಂತು ಗ್ಯಾಸ್ ಹಾಕ್ಸಿದೀನಿ."

"ಎಲ್ಲಿಂದ ತರಿಸಿದ್ರಿ ಸಾರ್?"

"ಎಲ್ಲಿಂದ ಅಂದ್ರೆ? ಅಂಗಡಿಯಿಂದ. ನಮ್ಮ ಮನೆ ಹಿತ್ತಲಲ್ಲಿ ಬೆಳೀತಾರಾ?" ಸುತ್ತ ನಿಂತವರಿಗೆ ಅದೂ ತಮಾಷೆಯಾಯಿತು. ಅವರಿಗೆ ಹುರುಪು ಬಂತು. "ಅಷ್ಟು ಅನುಮಾನ ಇದ್ರೆ ಪಿನ್ ಒತ್ತಿ ಮೂಸಿ ನೋಡಮ್ಮ. ಒಂದೇ ಒಂದ್ಸಲ ಪುಸ್ ಅನ್ಸು. ಅಡಿಗೆಮನೆ ವಾಸನೆ ನಿಂಗೆ ಗೊತ್ತಾಗದೆ ನಮಗೆ ಗೊತ್ತಾಗತ್ತಾ?"

ನಿಜ ಹೇಳುತ್ತೇನೆ, ಒತ್ತಬೇಕು ಅನ್ನಿಸಿತು. ಒಂದು ಸೆಕೆಂಡು ಸಾಕಿತ್ತು. ವಾಸನೆ ಮೂಗಿಗೆ ಬಂದರೆ ಅವರೆಲ್ಲರ ಬಾಯಿ ಮುಚ್ಚುತ್ತಿತ್ತು. ಆದರೆ ಅದೇ ಒಂದು ಸೆಕೆಂಡು ನನ್ನನ್ನು ಮತ್ತೆ ಫೇಲು ಮಾಡುತ್ತಿತ್ತು. ಈರಪ್ಪ ಸರ್ ಮುಖದಲ್ಲಿ ಅದು ಗೊತ್ತಿದ್ದ ನಗು ಇತ್ತು.

"ಪಿನ್ ಒತ್ತಲ್ಲ ಸಾರ್," ಅಂದೆ.

"ಹಂಗಾದ್ರೆ ನಾನೇ ಒತ್ತಿ ತೋರಿಸ್ಲಾ?" ಅವರು ಸ್ಕ್ರೂಡ್ರೈವರ್ ಎತ್ತಿಕೊಂಡರು.

"ಒತ್ರಿ. ಹೋದ ಸಲ ನಾನು ಒತ್ತಿದ್ದಕ್ಕೆ ಇದೇ ಜಾಗದಾಗ ಫೇಲ್ ಮಾಡಿದ್ರಿ. ಇವತ್ತು ನೀವು ಒತ್ತಿದ್ರೆ ನಿಮ್ಮನ್ನ ಫೇಲ್ ಮಾಡೋರು ಯಾರು, ಅವ್ರನ್ನ ಮೊದಲು ಕರೀರಿ."

ಈ ಸಲ ಯಾರೂ ನಗಲಿಲ್ಲ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು, ನಿಧಾನಕ್ಕೆ, ತಾವಾಗಿಯೇ ಇಟ್ಟಂತೆ.

ಶೆಡ್ಡಿನ ಗೋಡೆಗೆ ಒಂದು ಗಾಜಿನ ಬೀರು ಇತ್ತು. ಅದರೊಳಗೆ ಗ್ಯಾಸು ಯಾವುದೆಂದು ಪರೀಕ್ಷಿಸುವ ಯಂತ್ರ, ಪ್ಲಾಸ್ಟಿಕ್ ಕವರು ಕೂಡ ಬಿಚ್ಚಿರಲಿಲ್ಲ. ನಾಲ್ಕು ದಿನ ಪಾಠ ಕೇಳುವಾಗಲೂ ನಾನು ಅದನ್ನು ನೋಡುತ್ತ ಕೂತಿದ್ದೆ. "ಮೂಸೋ ಕೆಲಸಕ್ಕೇ ಅದನ್ನ ಮಾಡ್ಯಾರಲ್ರಿ. ಅದನ್ನ ತೆಗೀರಿ," ಅಂದೆ.

"ಅದು ಇನ್‌ಸ್ಪೆಕ್ಷನ್‌ಗೆ ಬಂದೋರಿಗೆ ತೋರ್ಸೋಕೆ ಕಣಮ್ಮ. ಹಂಗೆಲ್ಲ ತೆಗೆಯೋಹಂಗಿಲ್ಲ. ಕೀನೂ ಮೇಲೆ ಆಫೀಸಲ್ಲಿದೆ."

ಅಮರೇಶ್ ಗಡಿಯಾರ ನೋಡಿಕೊಂಡರು. ಅವರ ದನಿ ಮೆತ್ತಗಾಯಿತು. ನಮ್ಮ ಕಡೆಯವರಿಗೆ ಬುದ್ಧಿ ಹೇಳುವ ದನಿ. "ಅಕ್ಕಾರ, ಹಟ ಮಾಡಬ್ಯಾಡ್ರಿ. ಇನ್ನ ಹದಿನೇಳು ಮಂದಿ ಐತಿ. ನಿಮ್ಮ ಹೆಸರು ಮುಂದಿನ ಬ್ಯಾಚಿಗೆ ಹಾಕ್ತೀನಿ, ಫೀಸು ಬ್ಯಾಡ. ಇವತ್ತು ಮನಿಗಿ ಹೋಗ್ರಿ."

ಮುಂದಿನ ಬ್ಯಾಚು ಯಾವಾಗಲೋ. ಅಷ್ಟರಲ್ಲಿ ನಾನು ವಾಟರ್ ವಾಶಿನಲ್ಲಿ ಬೂಟು ತೊಯ್ಯಿಸಿಕೊಂಡು ನಿಂತಿರುತ್ತೇನೆ. ಅದಕ್ಕಿಂತ ಹೆಚ್ಚಾಗಿ, ನಾನು ಸರಿಯಾಗಿ ಮಾಡಿದ ದಿನವೂ ಮನೆಗೆ ಹೋಗಬೇಕೆಂದರೆ ತಪ್ಪು ಮಾಡಿದ ದಿನಕ್ಕೂ ಇವತ್ತಿಗೂ ಏನು ವ್ಯತ್ಯಾಸ?

ಅಲ್ಲೇ ಇದ್ದ ಸ್ಟೂಲನ್ನು ಎಳೆದು ರಿಕವರಿ ಮಷೀನಿನ ಸ್ವಿಚ್ಚಿಗೆ ಅಡ್ಡಲಾಗಿ ಹಾಕಿ ಕೂತೆ. "ಹೋಗಂಗಿಲ್ರಿ. ಈ ಗಾಡಿಗೆ ಈ ಮಷೀನು ಹಚ್ಚೋದಿದ್ರ ನನ್ನ ಎಬ್ಬಿಸಿ ಹಚ್ಚಬೇಕು."

"ಅಕ್ಕಾ, ನಮ್ಮದೂ ಹಾಳ್ ಮಾಡ್ತೀಯಾ? ಅರ್ಧ ದಿನ ರಜಾ ಹಾಕಿ ಬಂದಿದೀನಿ ಗುರು," ಎಂದ ಒಬ್ಬ.

"ನಾನೂ ಹಾಕೇ ಬಂದೀನಪ್ಪಾ," ಅಂದೆ. "ನಾ ಎದ್ರ ಮುಂದಿನ ಸರದಿ ನಿಂದು. ನೀ ಹಚ್ಚತಿಯೇನು ಹೇಳು, ಈಗ ಏಳತೀನಿ."

ಅವನು ಗೇಜನ್ನು ನೋಡಿದ. ಪಕ್ಕದವನನ್ನು ನೋಡಿದ. "ನಂಗೇನೂ ಅರ್ಜೆಂಟಿಲ್ಲ," ಎಂದ.

ನಾನು ಅಮರೇಶ್ ಅವರ ಕೈಯಿಂದ ನನ್ನ ಹಾಳೆ ಕೇಳಿ ಇಸಿದುಕೊಂಡೆ. ಐದನೇ ಸ್ಟೆಪ್ಪಿನ ಪಕ್ಕ ಕನ್ನಡದಲ್ಲಿ ಬರೆದೆ. ನನ್ನ ಅಕ್ಷರ ದೊಡ್ಡದು, ಮೂರು ಸ್ಟೆಪ್ಪಿನ ಜಾಗ ತಿಂದಿತು: 'ಪೈಪು 26 ಡಿಗ್ರಿ. ಇರಬೇಕಾದದ್ದು 85. ಇರುವುದು 112. ಗ್ಯಾಸು ಅನುಮಾನ. ಆದ್ದರಿಂದ ಮಷೀನಿಗೆ ಹಚ್ಚಿಲ್ಲ. ಮಹಾನಂದಾ.' ಅದರ ಕೆಳಗೆ ಒಂದು ಗೆರೆ ಎಳೆದು ಮತ್ತೆ ಬರೆದೆ: 'ಗ್ಯಾಸು ಸರಿ ಇದೆ ಎನ್ನುವವರು ಇಲ್ಲಿ ಸಹಿ ಮಾಡಬೇಕು.'

ಹಾಳೆಯನ್ನು ಈರಪ್ಪ ಸರ್ ಮುಂದೆ ಹಿಡಿದೆ. "ಹಾಕ್ರಿ ಸಾರ್. ನೀವು ಸಹಿ ಮಾಡಿದ ಕೂಡ್ಲೆ ಹಚ್ಚತೀನಿ."

ಅವರು ಜೇಬು ಮುಟ್ಟಿಕೊಂಡು, "ಪೆನ್ನಿಲ್ಲ," ಎಂದರು. ಹಿಂದಿನಿಂದ ಮೂರು ಪೆನ್ನು ಒಟ್ಟಿಗೆ ಮುಂದೆ ಬಂದವು. ಅವರು ಯಾವುದನ್ನೂ ತೆಗೆದುಕೊಳ್ಳಲಿಲ್ಲ.

ಅಮರೇಶ್ ಅವರಿಗೆ ಕೊಟ್ಟೆ. ಅವರು ಎರಡು ಸಲ ಓದಿದರು. ಆಮೇಲೆ ಬಗ್ಗಿ, ಥರ್ಮಾಮೀಟರನ್ನು ತಾವೇ ಪೈಪಿಗೆ ಹಿಡಿದರು. ಬಹಳ ಹೊತ್ತು ಹಿಡಿದರು. ಎದ್ದು ನಿಂತಾಗ ಅವರ ದನಿಯಲ್ಲಿ ಸಿಂಧನೂರು ಇರಲಿಲ್ಲ.

"ಈರಪ್ಪ ಅವರೇ, ಬೀರುವಿನ ಕೀ ತರಿಸಿ."

ಕೀ ಬರಲು ಹತ್ತು ನಿಮಿಷ, ಯಂತ್ರದ ವೈರು ಹುಡುಕಲು ಹದಿನೈದು ನಿಮಿಷ. ಪ್ಲಾಸ್ಟಿಕ್ ಕವರನ್ನು ನಾನೇ ಬಿಚ್ಚಿದೆ. ಪೈಪು ಸಿಕ್ಕಿಸಿದ ಮೇಲೆ ಅದು ಸ್ವಲ್ಪ ಹೊತ್ತು ಯೋಚನೆ ಮಾಡಿತು, ಆಮೇಲೆ ಕೆಂಪು ದೀಪ ಹಚ್ಚಿ ಕಿರುಚಿಕೊಂಡಿತು. ಪರದೆಯ ಮೇಲಿನ ಅಂಕಿಯನ್ನು ಅಮರೇಶ್ ಜೋರಾಗಿ ಓದಿದರು. ನೂರಕ್ಕೆ ಮೂವತ್ತೊಂದು ಪಾಲು ಉರಿಯುವ ಗ್ಯಾಸು.

ಹಿಂದೆ ನಿಂತಿದ್ದವನೊಬ್ಬ ಕಿವಿಗೆ ಸಿಕ್ಕಿಸಿಕೊಂಡಿದ್ದ ಬೀಡಿಯನ್ನು ತೆಗೆದು ಜೇಬಿಗೆ ಹಾಕಿಕೊಂಡ.

"ಈ ಗಾಡಿ ಹೊರಗೆ ತಳ್ಳಿ. ಬೇರೆ ಗಾಡಿ ಬೇಕು," ಎಂದರು ಅಮರೇಶ್.

"ಬೇರೆ ಗಾಡಿ ಎಲ್ಲಿಂದ ತರ್ಲಿ ಸಾರ್ ಈಗ?"

"ಹೊರಗಡೆ ನೀಲಿ ಕಾರು ನಿಂತಿದೆಯಲ್ಲ, ಅದು ಯಾರದು?"

ಈರಪ್ಪ ಸರ್ ಬಾಗಿಲಾಚೆ ಕಾರನ್ನೊಮ್ಮೆ ನೋಡಿದರು. "ಅದು ನನ್ನದು ಸಾರ್. ಲೋನಿನ್ನೂ ಮುಗಿದಿಲ್ಲ."

"ಅದನ್ನೇ ತನ್ನಿ."

ತಂದರು. ಇಂಜಿನ್ ತಣ್ಣಗಾಗುವವರೆಗೆ ಎಲ್ಲರೂ ಹೊರಗೆ ಹೋಗಿ ಟೀ ಕುಡಿದರು. ಪುಸ್ ಎಂದು ಅಣಕಿಸಿದವನೇ ನನಗೂ ಒಂದು ಲೋಟ ತಂದುಕೊಟ್ಟು, "ಎಷ್ಟು ಡಿಗ್ರಿಗೆ ಎಷ್ಟು ಅನ್ನೋ ಚಾರ್ಟ್ ಇದೆಯಲ್ಲ ಅಕ್ಕಾ, ಅದು ಎಲ್ಲಿ ಸಿಗತ್ತೆ?" ಎಂದ. "ನಮ್ಮ ಮನಿ ಗೋಡಿ ಮ್ಯಾಲೆ," ಅಂದೆ.

ಗೇಜ್ ಹಾಕಿದೆ. ಇಪ್ಪತ್ತೆಂಟು ಡಿಗ್ರಿಗೆ ತೊಂಬತ್ತೊಂದು. ಸರಿ. ಗ್ಯಾಸನ್ನು ಎಳೆದು ತೂಗಿದೆ, ನಾನೂರ ಹತ್ತು ಗ್ರಾಂ ಬಂತು. ಬಾನೆಟ್ಟಿನ ಮೇಲಿನ ಚೀಟಿಯಲ್ಲಿ ಇದ್ದದ್ದು ನಾನೂರ ಎಪ್ಪತ್ತು. ಅರ್ಧ ಗಂಟೆ ಪಂಪ್ ಓಡಿಸಿದೆ, ನಿಲ್ಲಿಸಿ ಹತ್ತು ನಿಮಿಷ ಮುಳ್ಳು ಕದಲುತ್ತದೆಯೋ ಎಂದು ಕಾದೆ, ಕದಲಲಿಲ್ಲ. ನಾನೂರ ಎಪ್ಪತ್ತು ತುಂಬಿಸಿದೆ, ಒಂದು ಗ್ರಾಂ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಈರಪ್ಪ ಸರ್ ಉದ್ದಕ್ಕೂ ಪಕ್ಕದಲ್ಲೇ ನಿಂತಿದ್ದರು, ಮಗುವಿಗೆ ಇಂಜೆಕ್ಷನ್ ಕೊಡಿಸಲು ಬಂದವರ ಹಾಗೆ.

"ಅರವತ್ತು ಗ್ರಾಂ ಕಮ್ಮಿ ಇತ್ತು ಸಾರ್ ನಿಮ್ಮ ಗಾಡಿಲಿ," ಅಂದೆ. "ಎಲ್ಲೋ ಸಣ್ಣಗೆ ಸೋರ್ತಾ ಇರಬೇಕು. ಬರ್ರಿ ಗ್ಯಾರೇಜಿಗೆ, ನೋಡ್ತೀನಿ."

ಹನ್ನೆರಡು ದಿನಕ್ಕೆ ಮೊಬೈಲಿಗೆ ಸಂದೇಶ ಬಂತು. ಶೀತಲ್ ಓದಿ ಹೇಳಿದಳು. ಭೀಮಪ್ಪ ಬೆನ್ನಿನ ನೋವು ಮರೆತು ಎದ್ದು ಹೋಗಿ ಅರ್ಧ ಕೆಜಿ ಜಿಲೇಬಿ ತಂದರು.

ಆವಲಪ್ಪ ಪ್ರಮಾಣಪತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಪರವಾಗಿಲ್ವೇ," ಎಂದು ಬಸುವಿನದರ ಪಕ್ಕ ಗೋಡೆಗೆ ಮೊಳೆ ಹೊಡೆಸಿದರು. ಜಾಗ ಇತ್ತು. ಕಾರ್ಖಾನೆಗೆ ಫೋನ್ ಮಾಡಿ, "ಈಗ ನಮ್ಮಲ್ಲಿ ಇಬ್ಬರು ಸಾರ್," ಎಂದೂ ಹೇಳಿದರು. ಜಾಬ್ ಕಾರ್ಡುಗಳ ಮೇಲೆ ನನ್ನ ಹೆಸರು ಬರತೊಡಗಿತು. ಮೊದಲ ಕೆಲವು ದಿನ ಎಲ್ಲ ಚೆನ್ನಾಗಿತ್ತು.

ಎರಡನೇ ವಾರ ಒಂದು ಬಸ್ಸು ಮಧ್ಯಾಹ್ನ ಒಂದೂವರೆಗೆ ಬಂತು. ಮೇಲೆ ಹತ್ತಿ ನೋಡಿದೆ. ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರಿನ ಅಂಚಿನಲ್ಲಿ ಎಣ್ಣೆ ಜಿನುಗುತ್ತಿತ್ತು, ಸೋಪಿನ ನೀರು ಹಾಕಿದರೆ ಗುಳ್ಳೆ ಏಳುತ್ತಿತ್ತು. ಕೆಳಗಿಳಿದು ಕಾರ್ಡಿನಲ್ಲಿ ಬರೆದೆ: 'ಲೀಕ್ ಇದೆ. ಗ್ಯಾಸ್ ಹಾಕಿಲ್ಲ. ಕಂಡೆನ್ಸರ್ ಬಿಚ್ಚಬೇಕು.' ಸಹಿ ಮಾಡಿದೆ.

ಆವಲಪ್ಪ ಅದನ್ನು ಓದಿ ಎದ್ದು ಬಂದರು. "ಏನಮ್ಮ ಇದು? ನಾಲ್ಕು ಗಂಟೆಗೆ ಶಿಫ್ಟ್ ಬಿಡ್ತದೆ, ಬಸ್ಸು ಅಲ್ಲಿರಬೇಕು. ಗ್ಯಾಸ್ ಆಕು, ಕಳ್ಸು. ಲೀಕು ಗೀಕು ಆಮೇಲೆ."

"ಹಾಕಲ್ಲ ಸಾರ್."

"ಹಾಕಲ್ಲ ಅಂದ್ರೆ?"

"ಎಂಟು ದಿನಕ್ಕೆ ಖಾಲಿ ಆಗತ್ತೆ. ಹೋದ್ಸಲ ಬೈಸಿಕೊಂಡಿದ್ದು ನಾನು. ಈ ಸಲ ಕಾರ್ಡಲ್ಲಿ ಹೆಸರೂ ನಂದೇ ಇದೆ."

"ಸಂಬಳ ಕೊಡೋನು ನಾನು."

"ಕೊಡಿ ಸಾರ್, ಬ್ಯಾಡ ಅಂದಿಲ್ಲ. ಹೆಲ್ಪರ್ ಸಂಬಳಾನೇ ಇನ್ನೂ ಕೊಡ್ತಿದೀರ, ಅದನ್ನೂ ಮಾತಾಡೋಣ. ಆದ್ರೆ ಈ ಗಾಡಿಗೆ ಗ್ಯಾಸ್ ಹಾಕಲ್ಲ."

ಅವರ ಮುಖ ಕೆಂಪಾಯಿತು. ನಾನು ಬರೆದ ಕಾರ್ಡನ್ನು ಪಕ್ಕಕ್ಕೆಸೆದು, ಹೊಸದೊಂದು ಕಾರ್ಡು ತೆಗೆದು ಬಸುವಿನ ಮುಂದೆ ಹಿಡಿದರು. "ಬಸು, ನೀ ಬಾರಪ್ಪ. ನೀ ಆಕು, ನೀ ಸಹಿ ಮಾಡು. ಇವ್ಳ ದೊಡ್ಡಸ್ತಿಕೆ ಆಮೇಲೆ ನೋಡ್ಕೋತೀನಿ."

ಬಸು ಕೈಯಲ್ಲಿದ್ದ ಬಟ್ಟೆಯಿಂದ ಬೆರಳು ಒಂದೊಂದಾಗಿ ಒರೆಸಿಕೊಂಡ. ಅವನಿಗೆ ಮನೆ ಬಾಡಿಗೆ ಇದೆ, ತಂಗಿಯ ಮದುವೆ ಇದೆ, ನನಗೆ ಗೊತ್ತು. ಅವನು ಸಹಿ ಮಾಡಿದ್ದರೂ ನಾನು ಏನೂ ಅನ್ನುತ್ತಿರಲಿಲ್ಲ; ಮಾಡುತ್ತಾನೆ ಎಂದೇ ಅಂದುಕೊಂಡಿದ್ದೆ. ಅವನು ಬಸ್ಸಿನ ಏಣಿ ಹತ್ತಿದ, ಮೇಲೆ ಒಂದು ನಿಮಿಷ ಕೂತು ನೋಡಿದ, ಇಳಿದು ಬಂದ.

"ಗುಳ್ಳಿ ಬರಾಕತ್ತಾವ್ರಿ ಸಾರ್," ಎಂದ. "ನನ್ನ ಹೆಸರೂ ಬ್ಯಾಡ್ರಿ ಇದಕ್ಕ."

"ಇಬ್ಬರೂ ಸೇರ್ಕೊಂಡು ನನ್ನ ಅಂಗಡಿ ಮುಚ್ಚಿಸ್ತೀರಾ?"

ಆವಲಪ್ಪ ಹೊಸ ಕಾರ್ಡನ್ನು ನೋಡಿದರು. ತಾವೇ ಸಹಿ ಮಾಡಲು ಅವರ ಹೆಸರಿನ ಪ್ರಮಾಣಪತ್ರ ಗೋಡೆಯ ಮೇಲಿರಲಿಲ್ಲ. ಕಾರ್ಡನ್ನು ಮುದುರಿ ಎಸೆದು, ಫೋನ್ ಹಿಡಿದುಕೊಂಡು ರಸ್ತೆಯ ಕಡೆ ಹೋದರು.

ನಾನು ಏಣಿ ಹತ್ತಿದೆ. ಬಸ್ಸಿನ ನೆತ್ತಿಯ ಮೇಲೆ ತಗಡು ಕಾದು ಮೊಣಕಾಲು ಸುಡುತ್ತಿತ್ತು. ಕೆಳಗಡೆ ಲಾರಿಗಳ ಸದ್ದಿನ ನಡುವೆ ಆವಲಪ್ಪನವರ ದನಿ ಕೇಳುತ್ತಿತ್ತು. ಮೊದಲು ಸಮಾಧಾನ ಮಾಡುವ ದನಿ, ಆಮೇಲೆ ಬೇಡಿಕೊಳ್ಳುವ ದನಿ, ಕೊನೆಗೆ ಅವರಿಗೂ ಸಿಟ್ಟು ಬಂದ ದನಿ.

"ಇಲ್ಲ ಸಾರ್, ನಾಳೆ ಬೆಳಿಗ್ಗೇನೇ. ಇವತ್ತು ಬೇರೆ ಬಸ್ ಕಳ್ಸ್ಕೊಳ್ಳಿ... ನಾನೇನ್ ಮಾಡ್ಲಿ ಸಾರ್, ನಮ್ಮ ಟೆಕ್ನಿಶಿಯನ್ ಮೇಡಂ ಒಪ್ತಾ ಇಲ್ಲ!"

ಕಂಡೆನ್ಸರಿನ ಮೂಲೆಯ ಬೋಲ್ಟು ತುಕ್ಕು ಹಿಡಿದು ಜಾಮಾಗಿತ್ತು. "ಬಸೂ," ಎಂದು ಕೂಗಿದೆ, "ಹದಿಮೂರರ ಪಾನಾ ಕೊಡೋ. ಸುತ್ತಿಗೀನೂ ತಾ."